ಬೀಜದ ದ್ರಾಕ್ಷಿಯ ವೈನು

ಫೆಬ್ರುವರಿ ಬಂತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ರಸ್ತೆ ಬದಿಗಳಲ್ಲಿ ದ್ರಾಕ್ಷಿಯ ಕ್ರೇಟುಗಳು ಸಾಲುಗಟ್ಟುತ್ತವೆ. ಅದರಲ್ಲಿ ಅಗ್ಗದ ಮಾಲು ಬೆಂಗಳೂರು ಬ್ಲೂ. ಗುಂಡಗೆ, ಕಪ್ಪಗೆ, ಸಿಪ್ಪೆಯ ಮೇಲೆ ಬೂದುಬಣ್ಣದ ಮಸುಕು. ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ತಿರುಳು ಬಾಯಿಗೆ ಜಾರುತ್ತದೆ, ಬೀಜದ ಸಮೇತ. ಬೀಜ ಉಗಿಯುವ ತಾಳ್ಮೆ ಇಲ್ಲದವರು ಪಕ್ಕದ ಸೀಡ್‌ಲೆಸ್ ಬುಟ್ಟಿಗೆ ಕೈ ಹಾಕುತ್ತಾರೆ. ಬ್ಲೂ ಹಣ್ಣನ್ನು ಐದು, ಹತ್ತು ಕಿಲೋ ಲೆಕ್ಕದಲ್ಲಿ ತೂಗಿಸಿಕೊಂಡು ಹೋಗುವವರು ಜ್ಯೂಸ್ ಅಂಗಡಿಯವರು. ಇಲ್ಲವೇ ಮನೆಯಲ್ಲೊಂದು ಪಿಂಗಾಣಿ ಜಾಡಿಯನ್ನು ಇದಕ್ಕೆಂದೇ ತೊಳೆದಿಟ್ಟವರು.

ಜಾಡಿಯವರ ಬಗ್ಗೆ ವೈನ್ ಪಂಡಿತರು ಬಾಯಿ ಬಿಡುವುದು ಕಡಿಮೆ. ಕರ್ನಾಟಕದ ವೈನ್ ಎಂದ ಕೂಡಲೇ ಮಾತು ನಂದಿ ಬೆಟ್ಟದ ತಪ್ಪಲಿನ ಕ್ಯಾಬರ್ನೆ ಸೋವಿನ್ಯೋಂ, ಶಿರಾಜ್ ಕಡೆಗೆ ಹೊರಳುತ್ತದೆ. ಅವು ಒಳ್ಳೆಯ ವೈನುಗಳೇ, ಮುಂದೆ ಅವಕ್ಕೂ ಬರೋಣ. ಆದರೆ ಇಲ್ಲಿನ ಮನೆಗಳಲ್ಲಿ ತಲೆಮಾರುಗಳಿಂದ ಹುಳಿ ಬಂದಿರುವುದು ಈ ಬೀಜದ ದ್ರಾಕ್ಷಿ. ಅದಕ್ಕೆ ಸಿಕ್ಕಿರುವ ಹೆಸರು ಮಾತ್ರ ‘ಸಿಹಿ ಔಷಧಿ’ ಎಂಬುದು. ಆ ಹೆಸರು ಹಣ್ಣಿಗೆ ಸಲ್ಲಬೇಕಾದದ್ದಲ್ಲ, ನಾವು ಜಾಡಿಗೆ ಸುರಿಯುವ ಸಕ್ಕರೆಗೆ ಸಲ್ಲಬೇಕಾದದ್ದು ಎಂಬುದು ನನ್ನ ವಾದ.

ಮೊದಲು ಹಣ್ಣಿನ ಪರಿಮಳ. ದ್ರಾಕ್ಷಿ ಮಿಠಾಯಿ, ದ್ರಾಕ್ಷಿ ಸೋಡಾ, ಮಕ್ಕಳ ಕೆಮ್ಮಿನ ಸಿರಪ್ಪು ಎಲ್ಲದರಲ್ಲೂ ಒಂದೇ ವಾಸನೆ ಇರುತ್ತದಲ್ಲ, ಅದರ ಮೂಲ ಮೀಥೈಲ್ ಆಂಥ್ರನಿಲೇಟ್ ಎಂಬ ರಾಸಾಯನಿಕ. ಬೆಂಗಳೂರು ಬ್ಲೂ ಹಣ್ಣಿನಲ್ಲಿ ಅದು ಸಹಜವಾಗಿಯೇ ಇದೆ. ಥಾಮ್ಸನ್ ಸೀಡ್‌ಲೆಸ್‌ನಲ್ಲಾಗಲಿ, ಫ್ರಾನ್ಸಿನ ಹೆಸರಾಂತ ತಳಿಗಳಲ್ಲಾಗಲಿ ಈ ವಾಸನೆ ಬಾರದು, ಏಕೆಂದರೆ ಅವು ವಿಟಿಸ್ ವಿನಿಫೆರಾ ಎಂಬ ಯುರೋಪು-ಏಷ್ಯಾದ ಜಾತಿಯವು. ನಮ್ಮ ಬ್ಲೂ ಹಣ್ಣಿನ ಮೈಯಲ್ಲಿ ಹರಿಯುವುದು ಅಮೆರಿಕದ ಕಾಡುಬಳ್ಳಿ ವಿಟಿಸ್ ಲಬ್ರುಸ್ಕಾದ ರಕ್ತ. ತೋಟಗಾರಿಕೆಯ ಬರಹಗಳು ಅದನ್ನು ಇಸಬೆಲ್ಲಾ ಎಂಬ ಹಳೆಯ ಅಮೆರಿಕನ್ ತಳಿಯೊಂದಿಗೆ ಗುರುತಿಸುತ್ತವೆ. ಹಕ್ಕಿಗಳಿಗೆ ಈ ವಾಸನೆ ಕಂಡರಾಗದು, ಹಾಗಾಗಿ ಇದೇ ರಾಸಾಯನಿಕವನ್ನು ಹಕ್ಕಿ ಓಡಿಸುವ ಔಷಧಿಯಾಗಿಯೂ ಮಾರುತ್ತಾರೆ. ಹಕ್ಕಿಗಳ ಜೊತೆ ವೈನ್ ವಿಮರ್ಶಕರನ್ನೂ ಸೇರಿಸಿಕೊಳ್ಳಬಹುದು.

ಅಮೆರಿಕದ ಬಳ್ಳಿಗಳು ಯುರೋಪಿಗೆ ಹೋದ ಕಥೆ ಕೇಳುವಂಥದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅವುಗಳ ಜೊತೆ ಫಿಲಾಕ್ಸೆರಾ ಎಂಬ ಬೇರುಹೇನೂ ಹಡಗು ಹತ್ತಿತು. 1860ರ ದಶಕದಿಂದ ಶುರುವಾಗಿ ಅದು ಫ್ರಾನ್ಸಿನ ತೋಟಗಳನ್ನು ಒಂದೊಂದಾಗಿ ಒಣಗಿಸಿತು. ಅದರ ಹಿಂದೆಯೇ ಡೌನಿ ಮಿಲ್ಡ್ಯೂ ಎಂಬ ಬೂಜುರೋಗ ಬಂತು. ಆ ರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವ ಮದ್ದು 1880ರ ದಶಕದಲ್ಲಿ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿತು. ಮಲೆನಾಡಿನಲ್ಲಿ ಮಳೆಗಾಲ ಬಂದೊಡನೆ ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣ ಇದೇ. ಬೇರುಹೇನಿಗೆ ಸಿಕ್ಕ ಪರಿಹಾರ ಕಸಿ: ಅಮೆರಿಕದ ಬೇರು ಕೆಳಗೆ, ಯುರೋಪಿನ ಬಳ್ಳಿ ಮೇಲೆ. ವಿಜಯಪುರದ ರೈತರು ಇವತ್ತು ‘ಡಾಗ್‌ರಿಡ್ಜ್’ ಬೇರಿನ ಮೇಲೆ ಕಸಿ ಕಟ್ಟುವುದು ಅದೇ ವಿದ್ಯೆ, ಅಲ್ಲಿ ಮಾತ್ರ ಕಾರಣ ಹೇನಿಗಿಂತ ಬರ ಮತ್ತು ಉಪ್ಪುನೀರು.

ಕಸಿಯ ಗೊಡವೆಯೇ ಬೇಡವೆಂದು ಎಷ್ಟೋ ಬಡ ರೈತರು ಅಮೆರಿಕನ್ ತಳಿಗಳನ್ನೇ ನೆಟ್ಟು ಅವುಗಳ ವೈನು ಕುಡಿಯತೊಡಗಿದರು. ಫ್ರಾನ್ಸ್ ಸರ್ಕಾರ ಅದನ್ನು ಸಹಿಸಲಿಲ್ಲ. 1930ರ ದಶಕದಲ್ಲಿ ವೈನ್ ಮಾರುಕಟ್ಟೆ ಕುಸಿದಿದ್ದಾಗ ಇಸಬೆಲ್ಲಾ ಸೇರಿದಂತೆ ಆರು ತಳಿಗಳ ಮೇಲೆ ನಿಷೇಧ ಬಿತ್ತು. ರುಚಿ ಕೆಟ್ಟದ್ದು, ಕುಡಿದರೆ ತಲೆ ಕೆಡುತ್ತದೆ ಎಂಬ ಪುಕಾರೂ ಜೊತೆಗೆ ಹಬ್ಬಿತು. ಇಂಥ ನಿರ್ಬಂಧ ಬೇರೆ ದೇಶಗಳಲ್ಲೂ ಬಂತು, ಜನ ಮಾತ್ರ ಬಿಡಲಿಲ್ಲವೆನ್ನಿ. ಇಟಲಿಯ ಈಶಾನ್ಯ ಭಾಗದ ಮನೆಗಳಲ್ಲಿ ಫ್ರಾಗೊಲಿನೊ ಎಂಬ ಹೆಸರಲ್ಲಿ ಇಸಬೆಲ್ಲಾ ವೈನು ಈಗಲೂ ಆಗುತ್ತದೆ. ಆಸ್ಟ್ರಿಯದ ಬುರ್ಗೆನ್‌ಲಾಂಡಿನ ಹಳ್ಳಿಗರು ತಮ್ಮ ಊಹುಡ್ಲರ್ ವೈನಿಗಾಗಿ ಹೋರಾಡಿ ಕಾನೂನಿನ ಮಾನ್ಯತೆಯನ್ನೇ ಪಡೆದರು. ಅಲ್ಲಿ ಕದ್ದುಮುಚ್ಚಿ ಬದುಕಿದ ಹಣ್ಣಿಗೆ ಇಲ್ಲಿ ಭೌಗೋಳಿಕ ಸೂಚಕದ ಗೌರವ ಇದೆ: ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರದ ಕೆಂಪುಮಣ್ಣಿನ ಬೆಳೆಯೆಂದು ನೋಂದಣಿಯಾಗಿದೆ. ಗೋವಾದ ಸಿಹಿ ಪೋರ್ಟ್ ವೈನುಗಳಿಗೂ ಈ ಹಣ್ಣು ಹೋಗುತ್ತದೆ.

ಇದೇ ಕೆಂಪುಮಣ್ಣಿನಲ್ಲಿ ಫ್ರೆಂಚ್ ತಳಿಗಳು ಬೇರು ಬಿಟ್ಟದ್ದು 1980ರ ದಶಕದ ಕೊನೆಗೆ. ಕನ್ವಲ್ ಗ್ರೋವರ್ ಎಂಬ ಉದ್ಯಮಿ ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು, ದೇಶದ ಬೇರೆಬೇರೆ ಕಡೆ ಪರೀಕ್ಷೆ ಮಾಡಿ, ಕೊನೆಗೆ ಆರಿಸಿಕೊಂಡದ್ದು ದೊಡ್ಡಬಳ್ಳಾಪುರದ ಬಳಿ ನಂದಿ ಬೆಟ್ಟದ ಬುಡವನ್ನು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಹಗಲು ಬಿಸಿಲು, ರಾತ್ರಿ ತಂಪು. ಹಣ್ಣಿನಲ್ಲಿ ಹುಳಿ ಉಳಿಯಬೇಕಾದರೆ ಆ ರಾತ್ರಿಯ ತಂಪು ಬೇಕೇ ಬೇಕು. 1992ರಲ್ಲಿ ಗ್ರೋವರ್ ಹೆಸರಿನ ಮೊದಲ ವೈನು ಬಂತು. ಆ ದಶಕದ ನಡುವೆ ಬೋರ್ಡೋದ ಹೆಸರಾಂತ ಸಲಹೆಗಾರ ಮಿಶೆಲ್ ರೋಲಾಂ ಜೊತೆಗೂಡಿದರು. ನಂತರ ಹಂಪಿಯ ಬಂಡೆಗಳ ನಾಡಿನಲ್ಲಿ ಕೃಷ್ಣ ಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿಯ ಕೃಸ್ಮಾ, ಚನ್ನಪಟ್ಟಣದ ಬಳಿ ಹೆದ್ದಾರಿಯ ವೈನರಿ (ಅದು ಈಗ ಸುಲಾ ವೈನ್ ಕಂಪನಿಯ ಕೈಯಲ್ಲಿದೆ), ನಂದಿಯ ಸುತ್ತ ಇನ್ನಷ್ಟು. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದು, ಅದಕ್ಕೊಂದು ಮಂಡಳಿಯನ್ನೂ ಕಟ್ಟಿತು.

ಉಷ್ಣವಲಯದಲ್ಲಿ ದ್ರಾಕ್ಷಿ ಬೆಳೆಯುವುದೇ ಒಂದು ಹಟ. ಫ್ರಾನ್ಸಿನಲ್ಲಿ ಚಳಿಗೆ ಬಳ್ಳಿ ನಿದ್ದೆ ಹೋಗುತ್ತದೆ, ವಸಂತಕ್ಕೆ ತಾನಾಗಿ ಏಳುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಬಿಟ್ಟರೆ ವರ್ಷವಿಡೀ ಎಲೆ ಬಿಡುತ್ತ ಹಬ್ಬುತ್ತದೆ. ಅದಕ್ಕೇ ಕತ್ತರಿ. ಉತ್ತರ ಕರ್ನಾಟಕದವರು ಚಾಟ್ನಿ ಎನ್ನುತ್ತಾರೆ: ಏಪ್ರಿಲ್ ಚಾಟ್ನಿಯಲ್ಲಿ ಹೊಸ ಕಡ್ಡಿ ಬೆಳೆಸುವುದು, ಅಕ್ಟೋಬರ್ ಆಸುಪಾಸಿನ ಚಾಟ್ನಿಯಲ್ಲಿ ಅದೇ ಕಡ್ಡಿಯಿಂದ ಗೊನೆ ಹೊರಡಿಸುವುದು. ಹೀಗಾಗಿ ಯುರೋಪಿನಲ್ಲಿ ಸೆಪ್ಟೆಂಬರಿಗೆ ಆಗುವ ಸುಗ್ಗಿ ನಮ್ಮಲ್ಲಿ ಫೆಬ್ರುವರಿ, ಮಾರ್ಚಿಗೆ. ಬೆಂಗಳೂರು ಬ್ಲೂ ಇನ್ನೂ ಗಟ್ಟಿ ಪಿಂಡ, ಎರಡು ಚಾಟ್ನಿಗೂ ಹಣ್ಣು ಕೊಟ್ಟು ವರ್ಷಕ್ಕೆ ಎರಡು ಬೆಳೆ ತೆಗೆಸುತ್ತದೆ. ವಿಜಯಪುರ, ಬಾಗಲಕೋಟೆಯ ಕಡೆ ದ್ರಾಕ್ಷಿಯ ಸಮುದ್ರವೇ ಇದ್ದರೂ ವೈನಿಗೆ ಹೋಗುವುದು ಅಲ್ಪ. ಅಲ್ಲಿನ ಥಾಮ್ಸನ್ ಶೆಡ್ಡಿನ ನೆರಳಲ್ಲಿ ಒಣಗಿ ಮಣೂಕವಾಗುತ್ತದೆ. ಮಣೂಕಕ್ಕೆ ಮಾರುಕಟ್ಟೆ ಇರುವಾಗ ವೈನರಿಯ ಒಪ್ಪಂದಕ್ಕೆ ರೈತ ಯಾಕೆ ಕಾಯಬೇಕು?

ಸ್ಥಳೀಯ ವೈನು ಕೊಳ್ಳುವವರಿಗೆ ನಾನು ಹೇಳುವುದು ಎರಡೇ ಮಾತು. ಬಿಳಿ ವೈನಾದರೆ ಲೇಬಲ್ಲಿನ ಮೇಲೆ ವರ್ಷ ನೋಡಿ, ಆದಷ್ಟು ಇತ್ತೀಚಿನದನ್ನು ತೆಗೆದುಕೊಳ್ಳಿ. ನಂದಿಯ ಸೋವಿನ್ಯೋಂ ಬ್ಲಾಂಗೆ ಅಂಗಡಿಯ ಸೆಕೆಯಲ್ಲಿ ಮೂರು ಬೇಸಿಗೆ ಕಳೆಯುವ ಶಕ್ತಿ ಇಲ್ಲ. ಇನ್ನು ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕು ಎಂಬ ಉಪದೇಶವನ್ನು ಮರೆತುಬಿಡಿ. ಅದನ್ನು ಹೇಳಿದವರ ಕೋಣೆ 16ರಿಂದ 18 ಡಿಗ್ರಿ ಇತ್ತು. ಕಲಬುರಗಿಯ ಏಪ್ರಿಲ್ ಕೋಣೆಯಲ್ಲಿ ಶಿರಾಜ್ ತೆರೆದರೆ ಮೂಗಿಗೆ ಸ್ಪಿರಿಟ್ಟಿನ ಘಾಟು ಮಾತ್ರ ಹೊಡೆಯುತ್ತದೆ. ಕುಡಿಯುವ ಮುಂಚೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಅದೇ ಬಾಟಲಿ ಬೇರೆಯದೇ ವೈನಾಗುತ್ತದೆ.

ಇನ್ನು ಜಾಡಿ.

ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಭರಣಿ, ಬೆಂಗಳೂರಿನ ಕುಕ್‌ಟೌನ್, ಫ್ರೇಜರ್‌ಟೌನಿನಲ್ಲಿ ಉಪ್ಪಿನಕಾಯಿ ಜಾಡಿ, ಕೊಡಗಿನಲ್ಲಿ ಗಾಜಿನ ದೊಡ್ಡ ಬಾಟಲಿ. ಕ್ರಿಸ್‌ಮಸ್‌ಗೆ ಕುಸ್ವಾರ್ ತಟ್ಟೆಯ ಪಕ್ಕ ಚಿಕ್ಕ ಗ್ಲಾಸಿನಲ್ಲಿ ಬರುವುದು ಇದೇ. ವಿಧಾನ ಮನೆಯಿಂದ ಮನೆಗೆ ಸ್ವಲ್ಪ ಬೇರೆಯಾದರೂ ಎಲುಬು ಒಂದೇ: ಒಂದು ಕಿಲೋ ಕಪ್ಪು ದ್ರಾಕ್ಷಿ, ಹೆಚ್ಚುಕಡಿಮೆ ಅಷ್ಟೇ ಸಕ್ಕರೆ, ಒಂದೂವರೆ ಲೀಟರ್ ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ, ಒಂದು ಚಮಚ ಯೀಸ್ಟ್. ದಿನಕ್ಕೊಮ್ಮೆ ಮರದ ಸೌಟಿನಲ್ಲಿ ಕಲಕುವುದು, ಇಪ್ಪತ್ತೊಂದನೆಯ ದಿನ ಬಟ್ಟೆಯಲ್ಲಿ ಸೋಸುವುದು. ಗೋಧಿ ಏಕೆ ಎಂದು ಕೇಳಿದರೆ ‘ಕಿಕ್ಕು ಬರುತ್ತೆ’ ಎನ್ನುತ್ತಾರೆ. ಮೊಳಕೆಯಾಗದ ಗೋಧಿಯ ಪಿಷ್ಟವನ್ನು ಯೀಸ್ಟ್ ತಿನ್ನಲಾರದು, ಹಾಗಾಗಿ ಕಿಕ್ಕು ಅಲ್ಲಿಂದ ಬರುವಂತಿಲ್ಲ. ಆದರೆ ನೀರು ಬೆರೆಸಿ ತೆಳ್ಳಗಾದ ರಸದಲ್ಲಿ ಯೀಸ್ಟಿಗೆ ಸಾರಜನಕ ಸಾಲದೆ ಬೀಳುತ್ತದೆ. ಅದನ್ನು ಗೋಧಿ ಒಂದಿಷ್ಟು ತುಂಬಿಕೊಡುತ್ತದೆ.

ಈಗ ಲೆಕ್ಕ ಹಾಕೋಣ. ಒಂದು ಕಿಲೋ ಹಣ್ಣಿನಿಂದ ಸಿಗುವುದು ಮುಕ್ಕಾಲು ಲೀಟರಿಗೂ ಕಡಿಮೆ ರಸ, ಅದರಲ್ಲಿ ನೂರು ಗ್ರಾಂಗೆ ತುಸು ಮಿಕ್ಕಿದ ಸಕ್ಕರೆ. ಮೇಲೆ ಸುರಿದ ಒಂದು ಕಿಲೋ, ನೀರು ಎಲ್ಲ ಸೇರಿ ಲೀಟರಿಗೆ ಸುಮಾರು 400 ಗ್ರಾಂ ಸಕ್ಕರೆ ಆಯಿತು. ಯೀಸ್ಟ್ ಸುಮಾರು 17 ಗ್ರಾಂ ಸಕ್ಕರೆಯನ್ನು ತಿಂದರೆ ಒಂದು ಲೀಟರಿನಲ್ಲಿ ಶೇ 1ರಷ್ಟು ಆಲ್ಕೋಹಾಲ್ ಹುಟ್ಟುತ್ತದೆ. ಶೇ 13ರ ಹೊತ್ತಿಗೆ ಬೇಕರಿ ಯೀಸ್ಟ್ ತಾನು ಹಡೆದ ಆಲ್ಕೋಹಾಲಿನಲ್ಲೇ ಉಸಿರುಗಟ್ಟುತ್ತದೆ, ಎಷ್ಟೋ ಸಲ ಅದಕ್ಕೂ ಮೊದಲೇ. ಅಲ್ಲಿಗೆ 220 ಗ್ರಾಂ ಖರ್ಚಾಯಿತು. ಮಿಕ್ಕ 180 ಗ್ರಾಂ ಹಾಗೇ ಉಳಿಯಿತು. ಪೇಟೆಯ ಕೋಲಾದಲ್ಲಿ ಲೀಟರಿಗೆ ಇರುವುದು ನೂರರ ಆಸುಪಾಸು. ನಮ್ಮ ಮನೆವೈನು ಕೆಮ್ಮಿನ ಸಿರಪ್ಪಿನಂತೆ ಗಂಟಲಿಗೆ ಅಂಟುವುದು ಇದಕ್ಕೇ.

ಹಾಗೆಂದು ಅಜ್ಜಿಯಂದಿರನ್ನು ದೂರಿ ಫಲವಿಲ್ಲ. ಅಷ್ಟು ಸಕ್ಕರೆಗೆ ಕಾರಣ ಇತ್ತು. ಬೆಂಗಳೂರು ಬ್ಲೂ ಹುಳಿ ಜಾಸ್ತಿ ಇರುವ ಹಣ್ಣು. ಅದರ ಸಿಹಿ 17 ಬ್ರಿಕ್ಸ್ (ರಸದಲ್ಲಿನ ಸಕ್ಕರೆಯ ಅಳತೆ) ಆಸುಪಾಸು ನಿಂತುಬಿಡುತ್ತದೆ, ಕ್ಯಾಬರ್ನೆ 22, 24ರವರೆಗೆ ಏರುತ್ತದೆ. ಬರೀ ಬ್ಲೂ ರಸ ಹುದುಗಿದರೆ ಶೇ 10ರ, ಹಲ್ಲು ಚುಳ್ಳೆನ್ನುವ ವೈನು ಆಗುತ್ತದೆ. ಸಕ್ಕರೆ ಹುಳಿಯನ್ನು ಮುಚ್ಚಿತು, ಕೆಡದಂತೆ ಕಾಯಿತು, ನೀರು ಬೆರೆಸಿ ಕಿಲೋ ಹಣ್ಣಿನಿಂದ ಹೆಚ್ಚು ಬಾಟಲಿಯನ್ನೂ ತುಂಬಿಸಿತು. ಮನೆಗೆ ಬಂದವರಿಗೆಲ್ಲ ಒಂದೊಂದು ಗುಟುಕು ಕೊಡಬೇಕಾದ ಹಬ್ಬದ ಲೆಕ್ಕ ಅದು.

ಹಣ್ಣಿನ ರುಚಿಯೇ ಬೇಕೆನ್ನುವವರು ನೀರನ್ನು ಕೈಬಿಡಬೇಕು. ಐದು ಕಿಲೋ ಹಣ್ಣು ತೊಳೆದು, ಪೂರ್ತಿ ಒಣಗಿಸಿ, ತೊಟ್ಟು ಬಿಡಿಸಿ ಕೈಯಲ್ಲೇ ಹಿಸುಕಿ. ಮಿಕ್ಸಿ ಬೇಡ, ಬೀಜ ಒಡೆದರೆ ಕಹಿ. ತೊಳೆದರೆ ಸಿಪ್ಪೆಯ ಮೇಲಿನ ಯೀಸ್ಟ್ ಹೋಗುತ್ತದೆ ಎನ್ನುವವರಿದ್ದಾರೆ. ಆ ಬೂದುಬಣ್ಣ ಬಹುಪಾಲು ಮೇಣ, ಮೇಲಾಗಿ ತೋಟದಲ್ಲಿ ಹೊಡೆದ ಔಷಧಿಯ ಪಾಲೂ ಅಲ್ಲೇ ಇರುತ್ತದೆ. ಐದು ಕಿಲೋಗೆ ನೂರು ಗ್ರಾಂ ಸಕ್ಕರೆ ಸಾಕು, ಆಲ್ಕೋಹಾಲ್ ಶೇ 12ರ ಸಮೀಪ ನಿಲ್ಲುತ್ತದೆ. ವೈನಿನದೇ ಯೀಸ್ಟ್ ಐದು ಗ್ರಾಂ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ಅದರ ಕಾಲು ಭಾಗ ಈ ಅಳತೆಗೆ ಧಾರಾಳ. ಜಾಡಿಯನ್ನು ಮುಕ್ಕಾಲಷ್ಟೇ ತುಂಬಿ. ಎರಡನೆಯ ದಿನ ಸಿಪ್ಪೆಗಳೆಲ್ಲ ಮೇಲೆದ್ದು ಟೊಪ್ಪಿ ಕಟ್ಟುತ್ತವೆ. ಬೆಳಿಗ್ಗೆ, ಸಂಜೆ ಅದನ್ನು ಕೆಳಗೆ ಅದುಮದಿದ್ದರೆ ಗಾಳಿ ತಾಗಿದ ಸಿಪ್ಪೆ ಹುಳಿ ಹಿಡಿದು ಇಡೀ ಜಾಡಿ ವಿನೆಗರ್ ಆಗುತ್ತದೆ.

ಸೆಕೆ ಇನ್ನೊಂದು ಶತ್ರು. ಮಾರ್ಚಿನ ಅಡುಗೆಮನೆ 32 ಡಿಗ್ರಿ ಮುಟ್ಟುತ್ತದೆ, ಹುದುಗುವ ರಸ ತನ್ನದೇ ಶಾಖವನ್ನೂ ಸೇರಿಸಿಕೊಳ್ಳುತ್ತದೆ. ಬೇಸಿನ್ನಿನ ನೀರಲ್ಲಿ ಜಾಡಿ ಇಟ್ಟು ಮೇಲೆ ಒದ್ದೆ ಗೋಣಿ ಹೊದಿಸಿದರೆ ನಾಲ್ಕೈದು ಡಿಗ್ರಿ ಇಳಿಯುತ್ತದೆ, ಪರಿಮಳ ಉಳಿಯುತ್ತದೆ. ವಾರದೊಳಗೆ ಸಿಪ್ಪೆ ಹಿಂಡಿ ತೆಗೆದು ರಸವನ್ನು ಕಿರಿದಾದ ಬಾಯಿಯ ಗಾಜಿನ ಬಾಟಲಿಗೆ ಬಗ್ಗಿಸಿ, ಬಿರಡೆಯಿಂದ ಒಂದು ಸಣ್ಣ ಕೊಳವೆ ಇಳಿಸಿ ಅದರ ತುದಿಯನ್ನು ಲೋಟದ ನೀರಿನಲ್ಲಿ ಮುಳುಗಿಸಬೇಕು. ಗಾಳಿ ಒಳಗೆ ಹೋಗಬಾರದು, ಅನಿಲ ಹೊರಗೆ ಬರಬೇಕು. ಒಂದು ಲೀಟರ್ ರಸದ ಸಕ್ಕರೆ ಪೂರ್ತಿ ಹುದುಗುವಷ್ಟರಲ್ಲಿ ನಲವತ್ತು ಲೀಟರಿಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಬಿಗಿಯಾಗಿ ಮುಚ್ಚಿಟ್ಟ ಬಾಟಲಿ ನಡುರಾತ್ರಿ ಸಿಡಿದು ಮಾಡು ಕೆಂಪಾಗುವುದು ಇದರಿಂದಲೇ. ಗುಳ್ಳೆ ನಿಂತ ಮೇಲೆ ತಳದ ಗಸಿ ಕಲಕದಂತೆ ಮೇಲಿನದನ್ನು ಬೇರೆ ಬಾಟಲಿಗೆ ಇಳಿಸಿ, ಮೂರು ತಿಂಗಳು ಕತ್ತಲಲ್ಲಿಡಿ. ಇಪ್ಪತ್ತೊಂದು ದಿನದ ಶಾಸ್ತ್ರಕ್ಕೆ ಹಣ್ಣು ಬಗ್ಗುವುದಿಲ್ಲ. ಹುಳಿ ಜಾಸ್ತಿಯೆನಿಸಿದರೆ ಕುಡಿಯುವಾಗ ಗ್ಲಾಸಿಗೆ ಚೂರು ಸಕ್ಕರೆ ಹಾಕಿಕೊಳ್ಳಿ, ಪಂಡಿತರು ನೋಡುತ್ತಿಲ್ಲ.

ಮೆಥನಾಲ್ ಭಯ ಹಲವರಿಗಿದೆ. ದ್ರಾಕ್ಷಿಯ ಪೆಕ್ಟಿನ್ ಒಡೆದಾಗ ಚೂರು ಮೆಥನಾಲ್ ಹುಟ್ಟುವುದು ನಿಜ, ಅಂಗಡಿಯ ವೈನಿನಲ್ಲೂ ಅದು ಇದೆ. ಆದರೆ ಪತ್ರಿಕೆಯಲ್ಲಿ ಬರುವ ಕಳ್ಳಬಟ್ಟಿ ಸಾವುಗಳಿಗೆ ಮೂಲ ಕಾರ್ಖಾನೆಯ ಮೆಥನಾಲನ್ನು ಮದ್ಯಕ್ಕೆ ಬೆರೆಸುವ ಪಾಪಿಗಳು. ಹಣ್ಣು ಹುದುಗಿಸಿ ಸೋಸಿದ ವೈನಿಗೂ ಅದಕ್ಕೂ ಸಂಬಂಧವಿಲ್ಲ. ಬಟ್ಟಿ ಇಳಿಸುವ ಸಾಹಸಕ್ಕೆ ಮಾತ್ರ ಯಾರೂ ಕೈ ಹಾಕಬಾರದು.

ವೈನ್ ಮುಟ್ಟದ ಮನೆಗಳಲ್ಲೂ ಹುದುಗಿದ ದ್ರಾಕ್ಷಿ ಇದೆ. ಗ್ರಂಥಿಗೆ ಅಂಗಡಿಯ ದ್ರಾಕ್ಷಾಸವ, ದ್ರಾಕ್ಷಾರಿಷ್ಟ ಅದೇ ತಾನೆ: ದ್ರಾಕ್ಷಿ, ಬೆಲ್ಲ, ಜೊತೆಗೆ ಧಾತಕಿ ಹೂವು. ಆ ಹೂವಿನಲ್ಲಿ ಒಗರು ಇದೆ, ಹುದುಗಿಗೆ ಬೇಕಾದ ಯೀಸ್ಟೂ ಇದೆ. ಊಟದ ನಂತರ ಎರಡು ಚಮಚ ನೀರಿನೊಂದಿಗೆ ಕುಡಿದು ಮದ್ಯದ ಮೇಲೆ ಭಾಷಣ ಮಾಡುವ ಹಿರಿಯರನ್ನು ಯಾರೂ ತಡೆಯುವುದಿಲ್ಲ, ಬಾಟಲಿಯ ಮೇಲೆ ಸ್ವಯಂಜನ್ಯ ಆಲ್ಕೋಹಾಲ್ ಪ್ರಮಾಣ ಅಚ್ಚಾಗಿದ್ದರೂ.

ಜಾಡಿಯ ವೈನಿಗೆ ಆ ರಿಯಾಯಿತಿ ಇಲ್ಲ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು, ಮಾರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಮಡಿಕೇರಿಯ ರಸ್ತೆಗಳಲ್ಲಿ ‘ಹೋಂಮೇಡ್ ವೈನ್’ ಬೋರ್ಡುಗಳು ಕಂಡವೆಂದು ಕಾನೂನು ಕಣ್ಣು ಮುಚ್ಚಿದೆ ಎಂದುಕೊಳ್ಳಬಾರದು. ಪಕ್ಕದ ಕೇರಳದಲ್ಲಿ 2019ರ ಕ್ರಿಸ್‌ಮಸ್ ಮುಂಚೆ ಅಬಕಾರಿ ಇಲಾಖೆ ಮನೆವೈನಿನ ಬಗ್ಗೆ ಎಚ್ಚರಿಕೆ ಹೊರಡಿಸಿ ದೊಡ್ಡ ಗದ್ದಲವೇ ಆಯಿತು. ಮಾರಾಟಕ್ಕೆ ಕಡಿವಾಣ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಒಳಗೆ ಏನಿದೆಯೆಂದು ಕೊಳ್ಳುವವನಿಗೆ ತಿಳಿಯುವ ದಾರಿಯೇ ಇಲ್ಲ. ಮನೆಯವರೇ ಕುಡಿಯುವ ನಾಲ್ಕಾರು ಬಾಟಲಿಯ ಮಾತು ಬೇರೆ. ರಾಜ್ಯದ ಬೊಕ್ಕಸದ ಮೇಲೆ ಕೌಟಿಲ್ಯನಿಗಿಂತ ಕಣ್ಣಿಟ್ಟವರು ಯಾರು? ಅವನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣವೇ ಗೃಹಸ್ಥರಿಗೆ ವಿಶೇಷ ಸಂದರ್ಭಗಳಲ್ಲಿ ಸುರೆಯನ್ನೂ ಔಷಧಿಗೆ ಅರಿಷ್ಟವನ್ನೂ ಮಾಡಿಕೊಳ್ಳಲು ಬಿಡುತ್ತದೆ, ಉತ್ಸವ, ಜಾತ್ರೆಗಳಿಗೆ ನಾಲ್ಕು ದಿನದ ಸಡಿಲಿಕೆಯನ್ನೂ ಕೊಡುತ್ತದೆ. ಮಂಡಳಿ, ನೀತಿ ಎಲ್ಲ ಇರುವ ರಾಜ್ಯ ಅಷ್ಟಾದರೂ ಯೋಚಿಸಬಹುದು.

ವೈನರಿಗಳಿಗೂ ಒಂದು ಮಾತು ಹೇಳಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೆಂಗಳೂರು ಬ್ಲೂ ಹಣ್ಣನ್ನೇ ತಾಯಿಯಾಗಿಟ್ಟುಕೊಂಡು ಅರ್ಕ ಶ್ಯಾಮ್, ಅರ್ಕ ತೃಷ್ಣಾದಂಥ ತಳಿಗಳನ್ನು ಬಿಡುಗಡೆ ಮಾಡಿ ದಶಕಗಳಾದವು. ವೈನಿಗೆ ಒಗ್ಗುವ ಹಣ್ಣುಗಳು ಅವು. ಕಪಾಟಿನಲ್ಲಿ ಮಾತ್ರ ಅವುಗಳ ಹೆಸರಿಲ್ಲ. ಬ್ಲೂ ಹಣ್ಣು ಅಗ್ಗದ, ಬಣ್ಣದ, ಸ್ಪಿರಿಟ್ ಬೆರೆಸಿದ ಸಿಹಿ ಬಾಟಲಿಯಾಗಿ ಕೆಳಗಿನ ಸಾಲಿನಲ್ಲಿ ಕೂತಿದೆ. ಸಿಪ್ಪೆಯನ್ನು ಒಂದೇ ದಿನ ಇಟ್ಟು ತೆಗೆದು, ಗುಲಾಬಿ ಬಣ್ಣಕ್ಕೆ ನಿಲ್ಲಿಸಿ, ಶೇ 9 ಅಥವಾ 10ರ ತೆಳು ವೈನನ್ನು ಚೂರು ಸಿಹಿ, ಚೂರು ಗುಳ್ಳೆ ಉಳಿಸಿ ತಣ್ಣಗೆ ಮಾರಿದರೆ ಆ ಹುಳಿ, ಆ ಪರಿಮಳ ಎರಡೂ ದೋಷವಾಗಿ ಕಾಣುವುದಿಲ್ಲ. ಬೇಸಿಗೆಯ ಊರಿಗೆ ಬೇಕಾದದ್ದೂ ಅದೇ.

ಊಟದ ಜೊತೆಗೂ ಅಂಥದ್ದೇ ಹೊಂದುತ್ತದೆ. ಖಾರದ ತಟ್ಟೆಗೆ ಒಗರು ಜಾಸ್ತಿಯಿರುವ, ಶೇ 14ರ ಕೆಂಪು ವೈನು ಇಟ್ಟರೆ ಖಾರ ದುಪ್ಪಟ್ಟಾಗುತ್ತದೆ. ಸೋವಿನ್ಯೋಂ ಬ್ಲಾಂಗೆ ಕಾಣೆ ಮೀನಿನ ರವಾ ಫ್ರೈ ಒಳ್ಳೆಯ ಜೋಡಿ. ಕಾಚಂಪುಳಿಯ ಹುಳಿ, ಕರಿಮೆಣಸು ಇರುವ ಪಂದಿಕರಿಗೆ ನಂದಿಯ ಶಿರಾಜ್, ಅರ್ಧ ಗಂಟೆ ತಣ್ಣಗಾದದ್ದು. ಮನೆಯ ಸಿಹಿ ಜಾಡಿ ವೈನಿಗೆ ಪ್ಲಮ್ ಕೇಕಿಗಿಂತ ಬೇರೆ ಸಂಗಾತಿ ಹುಡುಕಬೇಕಿಲ್ಲ. ಸಕ್ಕರೆ ತಗ್ಗಿಸಿ ಮಾಡಿದ ಬ್ಲೂಗೆ ಮೆಣಸಿನಕಾಯಿ ಬಜ್ಜಿ ಇಟ್ಟು ನೋಡಿ. ಆಂಧ್ರ ಶೈಲಿಯ ಊಟದಲ್ಲಿ ಗೊಂಗುರ, ಆವಕಾಯಿ ಎರಡೂ ಬಡಿಸಿದ್ದರೆ ವೈನಿನ ಬಾಟಲಿ ತೆರೆಯುವುದೇ ದಂಡ, ಮಜ್ಜಿಗೆ ತರಿಸಿಕೊಳ್ಳಿ.